ತಾಳಮ್ಮ, ಗುದ್ದಪ್ಪ

ಆ ಮನೆಯಲ್ಲಿ ಗಂಡ ಹೆಂಡತಿಯನ್ನು ಬಿಟ್ಟರೆ ಇನ್ನಿಬ್ಬರಿದ್ದರು, ತಾಳಮ್ಮ ಮತ್ತು ಗುದ್ದಪ್ಪ. ಇಬ್ಬರೂ ಬ್ಯಾಟರಿ ತಿಂದು ಬದುಕುವವರು. ತಾಳಮ್ಮ ಅಂದರೆ ವೈರಿಲ್ಲದ ಡ್ರಿಲ್. ತೂತು ಕೊರೆಯುವುದಕ್ಕೂ ಆದೀತು, ಸ್ಕ್ರೂ ಬಿಗಿಯುವುದಕ್ಕೂ ಆದೀತು. ಗುದ್ದಪ್ಪ ಅಂದರೆ ಬಹಳ ವರ್ಷ ಆದಮೇಲೆ ಬಂದ ಇಂಪ್ಯಾಕ್ಟ್ ಡ್ರೈವರ್. ಗಿಡ್ಡ ಮೂತಿಯವನು, ಸ್ಕ್ರೂ ಬಿಗಿಯುವುದೊಂದೇ ಅವನ ಕಸುಬು. ಇಬ್ಬರಿಗೂ ಹೆಸರಿಟ್ಟವಳು ಬಡಗಿಯ ಹೆಂಡತಿ. ಹೋದಲ್ಲೆಲ್ಲ ಜನ ತನ್ನನ್ನು ಕೇಳದೆಯೇ ತನಗೆ ಸ್ಕ್ರೂ ಅಕ್ಕ ಅಂತ ಹೆಸರಿಟ್ಟಿರುವಾಗ, ಹೆಸರಿಡುವ ಹಕ್ಕು ತನಗೂ ಇದೆ ಅಂತ ಅವಳ ವಾದ.

ಡ್ರಿಲ್ಲಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅದರ ಕುತ್ತಿಗೆಯಲ್ಲಿ ಅಂಕಿ ಬರೆದ ಒಂದು ಬಳೆ ಇದೆ. ಅದನ್ನು ಸಣ್ಣ ಅಂಕಿಗೆ ತಿರುಗಿಸಿಟ್ಟರೆ, ಸ್ಕ್ರೂವಿನ ತಲೆ ಹಲಗೆಗೆ ತಾಗುತ್ತಲೇ ಒಳಗೆ ಕಟಕಟ ಅಂದು ಸ್ಕ್ರೂ ತಿರುಗುವುದು ನಿಂತುಬಿಡುತ್ತದೆ. ನೀನು ಗುಂಡಿ ಒತ್ತಿಕೊಂಡೇ ಇರು, ಅದು ಮುಂದೆ ಹೋಗುವುದಿಲ್ಲ. ‘ತಾಳು ತಾಳು’ ಅಂದ ಹಾಗೆ ಅವಳಿಗೆ ಕೇಳುತ್ತಿತ್ತು. “ತಾಳಿದವನು ಬಾಳಿಯಾನು ಅಂತಾರಲ್ಲ, ಅದು ಈ ಯಂತ್ರಕ್ಕೆ ಗೊತ್ತಿದೆ, ನಿಮಗೇ ಗೊತ್ತಿಲ್ಲ” ಅಂತ ಗಂಡನನ್ನು ಛೇಡಿಸುತ್ತಿದ್ದಳು. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಬಿಗಿ ಅಂದರೆ ಬಿಗಿದೇ ತೀರುವ ಜಾತಿ.

ಅವನು ಕಪಾಟು ಕೂರಿಸುವ ಬಡಗಿ. ಹೊಸ ಮನೆಗಳಿಗೆ ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ಬಾಗಿಲು, ಬಾಗಿಲಿನ ಚೌಕಟ್ಟು. ಮದುವೆಯಾದ ಹೊಸದರಲ್ಲಿ ಒಂದು ದಿನ ಜೊತೆಯ ಕೆಲಸದವನು ಕೈಕೊಟ್ಟ. ಗೋಡೆಗೆ ಕೂರಿಸಬೇಕಾದ ಉದ್ದನೆಯ ಕಪಾಟು ನೆಲದ ಮೇಲೆ ಬಿದ್ದಿದೆ, ಒಂದು ತುದಿ ಹಿಡಿಯಲು ಜನ ಇಲ್ಲ. “ಒಂದು ಗಳಿಗೆ ಬಂದು ಹಿಡ್ಕೋ, ಆಮೇಲೆ ಮನೆಗೆ ಹೋಗುವೆಯಂತೆ” ಅಂತ ಹೆಂಡತಿಯನ್ನು ಕರೆದುಕೊಂಡು ಹೋದ. ಆ ಗಳಿಗೆ ಮುಗಿಯಲೇ ಇಲ್ಲ. ಅವಳು ಮಾರನೇ ದಿನವೂ ಹೋದಳು, ಅದರ ಮಾರನೇ ದಿನವೂ ಹೋದಳು. ಮೊದಲು ಹಿಡಿಯುವುದು ಕಲಿತಳು, ಆಮೇಲೆ ಗುರುತು ಹಾಕುವುದು, ಆಮೇಲೆ ಸ್ಕ್ರೂ ಹೋಗುವ ಜಾಗಕ್ಕೆ ಮೊದಲೇ ಸಣ್ಣ ತೂತು ಕೊರೆಯುವುದು. ಕೊನೆಕೊನೆಗೆ ಕಪಾಟಿನ ಬಾಗಿಲಿನ ಹಿಂಜ್‌ಗಳನ್ನೆಲ್ಲ ಅವಳೇ ಕೂರಿಸುತ್ತಿದ್ದಳು. ಬಾಗಿಲನ್ನು ಮಂಡಿಯ ಮೇಲೆ ನಿಲ್ಲಿಸಿಕೊಂಡು, ತುಟಿಗಳ ನಡುವೆ ನಾಲ್ಕಾರು ಸ್ಕ್ರೂ ಕಚ್ಚಿಕೊಂಡು, ತಾಳಮ್ಮನ ಬಳೆಯನ್ನು ಉಗುರಿನಿಂದಲೇ ಒಂದು ಅಂಕಿ ಆಚೆ, ಒಂದು ಅಂಕಿ ಈಚೆ ಸರಿಸುತ್ತಿದ್ದಳು. ಸ್ಕ್ರೂ ಅಕ್ಕ ಅಂತ ಹೆಸರು ಬಂದದ್ದು ಆ ತುಟಿಗಳಿಂದ.

ಮಕ್ಕಳಾಗಲಿಲ್ಲ. ಆ ವಿಷಯ ಮಾತಾಡಿ ಮಾತಾಡಿ ಸವೆದುಹೋಗಿ, ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತುವುದನ್ನೇ ಬಿಟ್ಟರು. ಉಳಿದ ಮಾತೆಲ್ಲ ಕೆಲಸದ ಜಾಗದಲ್ಲೇ ನಡೆಯುತ್ತಿತ್ತು. ಬೇರೆಯವರ ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿ, ಬಟ್ಟೆಯ ಮೇಲಿನ ಮರದ ಹೊಟ್ಟು ಕೊಡವಿ, ಡಬ್ಬಿ ಬಿಚ್ಚಿ ಎದುರುಬದುರು ಕೂತರೆ ಅವಳಿಗೆ ಮಾತೇ ಮಾತು. “ಇಷ್ಟೊಂದು ಕಪಾಟು ಮಾಡಿಸ್ತಿದ್ದಾರಲ್ಲ, ಅದರೊಳಗೆ ಇಡೋಕೆ ಏನಿದೆಯಂತೆ ಇವರ ಹತ್ರ?” ಅನ್ನುವಳು. ಮನೆಯ ಯಜಮಾನಿ ನಡೆಯುವ ರೀತಿ, ಯಜಮಾನ ಫೋನಿನಲ್ಲಿ ಮಾತಾಡುವ ರೀತಿ, ಎಲ್ಲ ಕೂತಲ್ಲೇ ಮಾಡಿ ತೋರಿಸುವಳು. ಅವನು ತುತ್ತು ನೆತ್ತಿಗೆ ಹತ್ತುವ ಹಾಗೆ ನಗುವನು. ಸಂಜೆ ಮನೆಗೆ ಬಂದರೆ ಇಬ್ಬರೂ ಹೆಣ ಬಿದ್ದ ಹಾಗೆ ಬೀಳುವವರು. ಅವರ ಸಂಸಾರ ನಡೆದದ್ದು ಸ್ವಂತ ಮನೆಯಲ್ಲಲ್ಲ, ಇನ್ನೂ ಯಾರೂ ಒಕ್ಕಲು ಬಾರದ ಖಾಲಿ ಮನೆಗಳಲ್ಲಿ.

ಹೀಗೇ ನಡೆದುಹೋಗುತ್ತಿದ್ದ ಬದುಕಿಗೆ ಕಲ್ಲು ಬಿದ್ದದ್ದು ಅವನ ಮಣಿಕಟ್ಟಿನಿಂದ. ಚೌಕಟ್ಟಿಗೆ ಬೆರಳುದ್ದದ ಸ್ಕ್ರೂ ಹಾಕಬೇಕು. ಗಟ್ಟಿ ಮರ. ಡ್ರಿಲ್ಲು ಅರ್ಧದವರೆಗೆ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಸ್ಕ್ರೂ ಸಿಕ್ಕಿಬಿದ್ದರೆ ಯಂತ್ರವೇ ಕೈಯನ್ನು ಹಿಡಿದು ತಿರುಚುತ್ತದೆ, ಇಲ್ಲದಿದ್ದರೆ ಬಿಟ್ಟು ಜಾರಿ ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ವರ್ಷಗಟ್ಟಲೆ ತಿರುಚಿಸಿಕೊಂಡ ಮಣಿಕಟ್ಟು ಒಂದು ದಿನ ಊದಿ ಕೂತಿತು. ಅವಳು ಬಿಸಿನೀರಿನ ಶಾಖ ಕೊಟ್ಟಳು, ಎಣ್ಣೆ ತಿಕ್ಕಿದಳು, ಬೈದಳು. ಊತ ಇಳಿಯುತ್ತಲೇ ಅವನು ಸಾಮಾನಿನ ಅಂಗಡಿಗೆ ಹೋದ.

ಅಂಗಡಿಯವನು ಮಾತಿನಮಲ್ಲ. ಮೇಜಿನ ಮೇಲೆ ಒಂದು ಮರದ ತುಂಡು ಇಟ್ಟು, ಡ್ರಿಲ್ಲಿನಲ್ಲಿ ಒಂದು ಉದ್ದ ಸ್ಕ್ರೂ, ಇಂಪ್ಯಾಕ್ಟಿನಲ್ಲಿ ಒಂದು ಉದ್ದ ಸ್ಕ್ರೂ ಹಾಕಿ ತೋರಿಸಿದ. “ನೋಡಿ, ಡ್ರಿಲ್ಲು ತಿರುಗಿಸುತ್ತೆ, ಅಷ್ಟೆ. ಸ್ಕ್ರೂ ನಿಂತ್ರೆ ನಿಮ್ಮ ಕೈ ತಿರುಗುತ್ತೆ. ಇದು ತಿರುಗಿಸ್ತಾನೇ ಒಳಗೊಳಗೆ ಗುದ್ದುತ್ತೆ. ಗುದ್ದು ಬೀಳೋದು ಸ್ಕ್ರೂಗೆ, ನಿಮ್ಮ ಕೈಗಲ್ಲ” ಅಂದ. ಬಡಗಿ ತಾನೇ ಹಿಡಿದು ನೋಡಿದ. ಟರ್ರ್ ಅಂತ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂಥ ಸದ್ದು ಬಂತು, ಸ್ಕ್ರೂ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಮಣಿಕಟ್ಟಿಗೆ ಏನೂ ಆಗಲಿಲ್ಲ.

“ಬಳೆ ಎಲ್ಲಿದೆ ಇದಕ್ಕೆ?” ಅಂತ ಕೇಳಿದ.

“ಅದೊಂದಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ನಿಮ್ಮ ಬೆರಳಿಗೆ ಗೊತ್ತಿರಬೇಕು. ಆದ್ರೆ ಒಂದು ಅನುಕೂಲ ಕೇಳಿ. ತೂತು ಕೊರೆಯೋ ಮೊನೆ ಇರೋ ಸ್ಕ್ರೂ ಬರುತ್ತೆ ಈಗ, ಮೊದಲೇ ಕೊರೆದಿಡೋದು ಬೇಡ. ತುದಿಯಲ್ಲಿ ಅಯಸ್ಕಾಂತ ಇದೆ, ಸ್ಕ್ರೂ ಬೀಳಲ್ಲ. ಒಂದು ಕೈಯಲ್ಲಿ ಹಲಗೆ, ಒಂದು ಕೈಯಲ್ಲಿ ಇದು. ಜೊತೆಗೆ ಇನ್ನೊಬ್ರು ಬೇಕಾಗೇ ಇಲ್ಲ.”

ಜೊತೆಗೆ ಇನ್ನೊಬ್ಬರು ಬೇಕಾಗೇ ಇಲ್ಲ. ಎಡವಟ್ಟಾದದ್ದು ಅಲ್ಲೇ. ಅವನ ಮನಸ್ಸಿಗೆ ಆ ಕ್ಷಣದಲ್ಲಿ ಬಂದದ್ದು ಹೆಂಡತಿಯ ಮಂಡಿ. ಲಿಫ್ಟು ಇನ್ನೂ ಶುರುವಾಗದ ಕಟ್ಟಡಗಳಲ್ಲಿ ಸಾಮಾನಿನ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ, ಮೇಲೆ ಹೋಗಿ ಗೋಡೆ ಹಿಡಿದುಕೊಂಡು ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳಲ್ಲ, ಅದು. ಪಾಪ, ಇನ್ನು ಅವಳಿಗೆ ವಿಶ್ರಾಂತಿ ಕೊಡಬಹುದು ಅಂದುಕೊಂಡ. ಒಳ್ಳೆಯದನ್ನೇ ಅಂದುಕೊಂಡ, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಆದರೆ ಗಂಡಸರು ಒಳ್ಳೆಯದನ್ನು ಅಂದುಕೊಳ್ಳುವಾಗ ಒಮ್ಮೆಯಾದರೂ ಎದುರಿಗಿರುವವಳನ್ನು ಕೇಳಬಾರದೇ? ಕೇಳುವುದಿಲ್ಲ. ಬಸ್ಸಿನಲ್ಲಿ ಹೊಸ ಯಂತ್ರ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದ.

ಅವಳು ಅದನ್ನು ತಿರುವಿ ನೋಡಿದಳು, ಒಂದು ಹಲಗೆಯ ಮೇಲೆ ನಡೆಸಿ ನೋಡಿದಳು, ಕಿವಿ ಮುಚ್ಚಿಕೊಂಡಳು. “ಅಯ್ಯೋ, ಇವನು ಗುದ್ದಪ್ಪ” ಅಂದಳು. “ಇದನ್ನ ಕಪಾಟಿನ ಒಳಗೆ ತಲೆ ಹಾಕ್ಕೊಂಡು ನಡೆಸಬೇಡಿ. ಕಿವಿಗೆ ಹತ್ತಿಯಾದ್ರೂ ಇಟ್ಕೊಳ್ಳಿ.”

“ಹತ್ತಿ ಇಟ್ಕೊಂಡು ಓಡಾಡೋಕೆ ನಾನೇನು ಬಾಣಂತಿಯಾ?” ಅಂತ ಅವನು ನಕ್ಕ. ನಗುತ್ತಲೇ ಹೇಳಿದ, “ನಾಳೆಯಿಂದ ನೀನು ಬರೋದು ಬೇಡ ಕಣೆ. ಆರಾಮಾಗಿ ಮನೇಲಿರು.”

“ಮತ್ತೆ ನನ್ನ ಕೆಲಸ?”

“ಅದನ್ನ ಇದು ಮಾಡುತ್ತೆ.”

ಅವಳು ಗುದ್ದಪ್ಪನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಒಲೆ ಹಚ್ಚಲು ಹೋದಳು. ಮಾತೇ ಹೊರಡದಷ್ಟು ಖುಷಿಯಾಗಿದೆ ಅಂತ ಅವನು ತಿಳಿದುಕೊಂಡ. ಮಾರನೇ ದಿನ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಎರಡು ಡಬ್ಬಿಗೆ ಊಟ ಹಾಕಿ, ಆಮೇಲೆ ಒಂದನ್ನು ವಾಪಸು ಪಾತ್ರೆಗೆ ಸುರಿದದ್ದನ್ನು ಅವನು ನೋಡಿದ. ನೋಡಿಯೂ ಅದರ ಅರ್ಥ ಅವನ ತಲೆಗೆ ಹೋಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ವಿಶ್ರಾಂತಿಯಲ್ಲ, ಒಂದೇ ಒಂದು ಮಾತು, “ಬಾ” ಅನ್ನುವ ಮಾತು. ಯಂತ್ರ ಇದ್ದರೂ ನೀನು ಬೇಕು ಅಂತ ಗಂಡನ ಬಾಯಿಂದ ಬರಬೇಕಾಗಿತ್ತು. ಬರಲಿಲ್ಲ. ಅವಳೂ ಬಾಯಿಬಿಟ್ಟು ಕೇಳುವ ಪೈಕಿ ಅಲ್ಲ. ಕೇಳಿ ಪಡೆದದ್ದು ಪಡೆದದ್ದೇ ಅಲ್ಲ ಅನ್ನುವವಳು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ, ಹಾಗೆ ಬಡಗಿ ಎಲ್ಲದಕ್ಕೂ ಗುದ್ದಪ್ಪನನ್ನೇ ಹಿಡಿದ. ಚೌಕಟ್ಟಿಗೂ ಅದೇ, ಕಪಾಟಿಗೂ ಅದೇ. ಕೆಲಸ ಬೇಗ ಆಗುತ್ತಿತ್ತು, ನಿಜ. ಮಧ್ಯಾಹ್ನ ಒಬ್ಬನೇ ಕೂತು ಡಬ್ಬಿ ಬಿಚ್ಚಿದರೆ ಮಾತ್ರ ಊಟ ಸೇರುತ್ತಿರಲಿಲ್ಲ. ಅಡುಗೆಯ ರುಚಿ ಕೆಟ್ಟಿದೆ ಅಂದುಕೊಂಡ. ಸಂಜೆ ಮನೆಗೆ ಬಂದರೆ ಅವಳು ಬಾಗಿಲಲ್ಲೇ ಕೇಳುವಳು, ಇವತ್ತು ಎಂಥ ಮನೆ, ಕಪಾಟು ಯಾವ ಬಣ್ಣ, ಮನೆಯವರು ಹೇಗೆ. ಅವನು “ಎಲ್ಲ ಒಂದೇ” ಅಂತ ಹೇಳಿ ಕೈಕಾಲು ತೊಳೆಯಲು ಹೋಗುವನು.

ಹಾಗೆ ವರ್ಷಗಳು ಉರುಳಿದವು, ಕಿವಿ ಹೋಗತೊಡಗಿತು. ಮೊದಲು ಸಂಜೆ ಹೊತ್ತು ಕಿವಿಯೊಳಗೆ ಸಣ್ಣಗೆ ಸೀಟಿ ಹೊಡೆದ ಹಾಗೆ. ಆಮೇಲೆ ಅದು ನಿಲ್ಲಲೇ ಇಲ್ಲ. ಕಪಾಟಿನೊಳಗೆ ಕುತ್ತಿಗೆ ತೂರಿಸಿ, ಕಿವಿಯ ಪಕ್ಕದಲ್ಲೇ ಗುದ್ದಪ್ಪನನ್ನು ಗುದ್ದಿಸಿದರೆ ಇನ್ನೇನಾದೀತು? ಎದುರಿಗೆ ನಿಂತು, ಸದ್ದಿಲ್ಲದ ಕೋಣೆಯಲ್ಲಿ ಮಾತಾಡಿದರೆ ಕೇಳುತ್ತಿತ್ತು. ಬೆನ್ನ ಹಿಂದಿನಿಂದ ಕರೆದರೆ, ನಲ್ಲಿ ಬಿಟ್ಟಿದ್ದರೆ, ಹೊರಗೆ ಲಾರಿ ಹೋದರೆ, ಮಾತು ಬರೀ ಗುಂಯ್ ಅನ್ನುತ್ತಿತ್ತು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಕೆಲಸ ಕೊಡುವವರಿಗೆ ಹೇಳದೆ ಇದ್ದದ್ದಕ್ಕೆ ಒಂದು ಕಾರಣವಾದರೂ ಇತ್ತು. ‘ಬಿಡು’ ಅಂದದ್ದನ್ನು ‘ಹಿಡಿ’ ಅಂತ ಕೇಳಿಸಿಕೊಳ್ಳುವ ಬಡಗಿಯನ್ನು ಏಣಿ ಹತ್ತಿಸುವವರು ಯಾರು? ಹೆಂಡತಿಗೆ ಹೇಳದೆ ಇದ್ದದ್ದಕ್ಕೆ ಕಾರಣ ಆ ಹತ್ತಿ. ಹತ್ತಿ ಇಟ್ಟುಕೊಳ್ಳಿ ಅಂದಾಗ ಬಾಣಂತಿಯ ಹಾಸ್ಯ ಮಾಡಿದವನು ಈಗ ಯಾವ ಮುಖ ಹೊತ್ತು ಹೋಗಿ ಕಿವಿ ಹೋಯಿತು ಅನ್ನಬೇಕು? ಗೆದ್ದೆ ಅಂತ ಅವಳೇನೂ ಕುಣಿಯುತ್ತಿರಲಿಲ್ಲ. ಅಳುತ್ತಿದ್ದಳು, ಬೈಯುತ್ತಿದ್ದಳು, ಮಾರನೇ ದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಅಷ್ಟು ಗೊತ್ತಿದ್ದೂ ಹೇಳಲಿಲ್ಲ. ಮೂರ್ಖತನಕ್ಕೆ ಮದ್ದಿಲ್ಲ.

ಅವಳು ಅಡುಗೆಮನೆಯಿಂದ ಏನೋ ಕೇಳುವಳು. ಇವನು ಸುಮ್ಮನೆ ಕೂತಿರುವನು. ಎದುರಿಗೆ ಬಂದು ಕೇಳಿದರೆ ಥಟ್ಟನೆ ಉತ್ತರ ಕೊಡುವನು. ಇದರಿಂದ ಅವಳು ತೆಗೆದ ಅರ್ಥ ಒಂದೇ. “ನಿಮಗಿರೋದು ಜಾಣಕಿವುಡು” ಅಂದಳು ಒಂದು ದಿನ, ನಗುನಗುತ್ತಲೇ. “ಬೇಕಾದ್ದು ಕೇಳುತ್ತೆ, ಬೇಡದ್ದು ಕೇಳಲ್ಲ.” ಅವನಿಗೆ ಅದು ಅನುಕೂಲವೇ ಆಯಿತು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಜಾಣಕಿವುಡ ಅನ್ನಿಸಿಕೊಳ್ಳುವುದು ಮೇಲು ಅಂತ ಅವನೂ ನಕ್ಕುಬಿಟ್ಟ. ಬರಬರುತ್ತ ಅವಳು ಕೇಳುವುದು ಕಡಿಮೆ ಮಾಡಿದಳು. ಮನೆ ಬಣ್ಣ ಕೇಳುವುದು ನಿಂತಿತು, ಮನೆಯವರ ಸುದ್ದಿ ಕೇಳುವುದು ನಿಂತಿತು.

ಕೆಲಸದ ಜಾಗದಲ್ಲಿ ಅವನು ಇನ್ನೊಂದು ಉಪಾಯ ಕಲಿತಿದ್ದ. ಎದುರಿನವರ ತುಟಿ ಅಲ್ಲಾಡಿ ನಿಂತರೆ, ಮುಖದಲ್ಲಿ ಒಂದು ನಗು ತಂದುಕೊಂಡು “ಹೂಂ” ಅನ್ನುವುದು. ಹತ್ತಕ್ಕೆ ಒಂಬತ್ತು ಸಲ ಅದು ಸರಿಹೋಗುತ್ತದೆ. ಜನ ಕೇಳುವುದೆಲ್ಲ ಹೂಂ ಅನ್ನಿಸಿಕೊಳ್ಳಲಿಕ್ಕೇ. ಚೆನ್ನಾಗಿದೆ ಅಲ್ವಾ, ಹೂಂ. ನಾಳೆ ಬರ್ತೀರಾ, ಹೂಂ. ಟೀ ಕುಡೀತೀರಾ, ಹೂಂ.

ಆಮೇಲೆ ಆ ಅಡುಗೆಮನೆಯ ಕೆಲಸ ಬಂತು. ಹಲಗೆ ಮರದ್ದಲ್ಲ, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು. ಅದಕ್ಕೆ ಹಿಂಜ್ ಕೂರಿಸುವುದು ಅಂದರೆ ಹೂವಿನಷ್ಟು ನಾಜೂಕಿನ ಕೆಲಸ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಬಡಗಿ ಕೊಡಲಿಯನ್ನೇ ತೆಗೆದ. ಗುದ್ದಪ್ಪನ ಸದ್ದು ಬದಲಾಗುವುದನ್ನು ಕೇಳಿಕೊಂಡು, ಸರಿಯಾದ ಗಳಿಗೆಗೆ ಬೆರಳು ಬಿಟ್ಟರೆ ಹೇಗೋ ನಡೆಯುತ್ತಿತ್ತು. ಈಗ ಆ ಬದಲಾವಣೆ ಅವನ ಕಿವಿಗೆ ಬೀಳುತ್ತಿರಲಿಲ್ಲ. ಒಂದೊಂದು ಸ್ಕ್ರೂವೂ ತಲೆ ತಾಗಿದ ಮೇಲೂ ತಿರುಗಿ, ಒಳಗಿನ ಹಿಡಿತವನ್ನೆಲ್ಲ ಪುಡಿ ಮಾಡಿತು. ನೋಡಲು ಬಿಗಿಯಾಗಿವೆ, ಬೆರಳಲ್ಲಿ ಹಿಡಿದರೆ ಹುಳುಕು ಹಲ್ಲಿನ ಹಾಗೆ ಅಲ್ಲಾಡುತ್ತವೆ. ಮನೆಯ ಯಜಮಾನಿ ಸಾಮಾನು ಜೋಡಿಸಲು ಬಾಗಿಲು ತೆಗೆದಳು, ಬಾಗಿಲು ಕೈಗೇ ಬಂತು. ಪಕ್ಕದ್ದನ್ನು ತೆಗೆದಳು, ಅದೂ ಜೋತುಬಿತ್ತು.

ಆಕೆ ಕಿರುಚಾಡಿದ್ದು ಅವನಿಗೆ ಅರ್ಧ ಕೇಳಿಸಿತು, ಅಷ್ಟೇ ಸಾಕಾಯಿತು. ಕೆಟ್ಟುಹೋದ ತೂತುಗಳಿಗೆಲ್ಲ ಮರದ ಚಕ್ಕೆಯನ್ನು ಅಂಟಿನಲ್ಲಿ ಅದ್ದಿ ತುಂಬಬೇಕು, ಒಣಗಿದ ಮೇಲೆ ಸಣ್ಣಗೆ ಹೊಸ ತೂತು ಕೊರೆಯಬೇಕು, ಬಳೆಯನ್ನು ಸಣ್ಣ ಅಂಕಿಗಿಟ್ಟು ಡ್ರಿಲ್ಲಿನಲ್ಲಿ ಮೆಲ್ಲಗೆ ಬಿಗಿಯಬೇಕು. ಬಾಗಿಲು ಹಿಡಿಯಲು ಒಬ್ಬರು ಬೇಕೇ ಬೇಕು. ಮನೆಗೆ ಬಂದು, ಹೆಂಡತಿಯ ಎದುರಿಗೆ ನಿಂತು, ನೆಲ ನೋಡುತ್ತ ಹೇಳಿದ. “ಹಿಂಜ್ ಎಲ್ಲ ಕೆಡಿಸಿಟ್ಟಿದ್ದೀನಿ. ನಾಳೆ ಒಂದಿನ ಬರ್ತೀಯಾ?”

“ಗುದ್ದಪ್ಪನಿಗೆ ಆಗಲಿಲ್ವಾ?” ಅಂದಳು ಅವಳು. ದನಿಯಲ್ಲಿ ಕುಹಕ ಇರಲಿಲ್ಲ, ನಗು ಇತ್ತು. ತಾಳಮ್ಮನ ಬ್ಯಾಟರಿಯನ್ನು ಅವಳೇ ಚಾರ್ಜಿಗೆ ಹಾಕಿದಳು. ಬೆಳಿಗ್ಗೆ ಎರಡು ಡಬ್ಬಿಗೆ ಊಟ ಹಾಕಿದಳು.

ಆ ಬೆಳಿಗ್ಗೆಯನ್ನು ನೆನೆಸಿಕೊಂಡರೆ ಅವನಿಗೆ ಈಗಲೂ ಎದೆ ಹಿಂಡುತ್ತದೆ. ಮೆಟ್ಟಿಲ ಮೇಲೆ ಅವಳು ನಿಂತು ನಿಂತು ಹತ್ತಿದಳು. ಒಳಗೆ ಬಂದು ಕಪಾಟುಗಳನ್ನು ನೋಡಿ, ಒಂದೊಂದು ತೂತಿಗೂ ಬೆರಳಿಟ್ಟು “ಅಯ್ಯೋ ಪಾಪ, ನಿನ್ನನ್ನೂ ಗುದ್ದಿದ್ರಾ?” ಅಂತ ಮಾತಾಡಿಸಿದಳು. ಚಕ್ಕೆ ಸೀಳಿದಳು, ಅಂಟಿನಲ್ಲಿ ಅದ್ದಿದಳು, ತುಂಬಿ ಒರೆಸಿದಳು. ಇಷ್ಟು ವರ್ಷ ಮನೆಯಲ್ಲಿ ಕೂತಿದ್ದರೂ ಕೈ ಏನನ್ನೂ ಮರೆತಿರಲಿಲ್ಲ. ಅವನು ಬರೀ ಬಾಗಿಲು ಹಿಡಿದುಕೊಂಡು, ಅವಳು ಹೇಳಿದ ಕಡೆ ಎತ್ತಿ, ಹೇಳಿದ ಕಡೆ ಇಳಿಸಿ, ಮದುವೆಯಾದ ಹೊಸದರಲ್ಲಿ ಇದ್ದ ಹಾಗಿದ್ದ. ಇವಳಿಲ್ಲದೆ ಇಷ್ಟು ವರ್ಷ ಹೇಗೆ ದುಡಿದೆ ಅಂತ ಅವನಿಗೇ ಆಶ್ಚರ್ಯವಾಯಿತು. ನಾಳೆಯಿಂದ ದಿನಾ ಬಾ ಅನ್ನಬೇಕು ಅಂತ ಗಟ್ಟಿ ಮಾಡಿಕೊಂಡ. ಸುಮ್ಮನೆ ಹಾಗೆ ಹೇಳಿಬಿಡಲು ನಾಚಿಕೆ. ಒಂದು ಒಳ್ಳೆ ಗಳಿಗೆ ನೋಡಿ, ಮನೆಗೆ ಹೋಗಿ, ನಿಧಾನವಾಗಿ ಹೇಳೋಣ ಅಂದುಕೊಂಡ.

ಅಂಟು ಒಣಗಲಿ ಅಂತ ಊಟಕ್ಕೆ ಕೂತರು. ನೆಲಕ್ಕೆ ರಟ್ಟು, ಎದುರುಬದುರು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ನೆಲದ ಟೈಲ್ಸ್ ಕೊಯ್ಯುವವರು ಯಂತ್ರ ಶುರುಮಾಡಿದರು. ಅವನ ಕಿವಿಯೊಳಗೆ ಪ್ರಪಂಚವೇ ಗುಂಯ್ ಅಂದಿತು. ಅವಳು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ, ಒಂದು ಸಲ ಅವನ ಮುಖ ನೋಡಿ, ಕಣ್ಣು ತಗ್ಗಿಸಿ, ಮತ್ತೆ ನೋಡಿ ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು. ಇನ್ನೊಂಚೂರು ಹಾಕಲಾ ಅಂತ ಇರಬೇಕು. ಮನಸ್ಸಿನ ತುಂಬ ಖುಷಿ ಇತ್ತಲ್ಲ, ಅವನು ಮುಖ ಅರಳಿಸಿ ನಕ್ಕು, “ಹೂಂ” ಅಂದ.

ಅವಳು ಹಾಕಲಿಲ್ಲ. ಡಬ್ಬಿಗೆ ಮುಚ್ಚಳ ಒತ್ತಿ, ಎದ್ದು ಕೈತೊಳೆಯಲು ಹೋದಳು. ಹಾಕಲಾ ಅಂದವಳು ಹಾಕಲಿಲ್ಲವಲ್ಲ ಅಂತ ಅವನು ಒಂದು ಕ್ಷಣ ಅಂದುಕೊಂಡ, ಅಷ್ಟೆ. ಮಧ್ಯಾಹ್ನವೆಲ್ಲ ಅವಳು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಕೆಲಸ ಮಾಡಿದಳು. ಸ್ಕ್ರೂ ಕಚ್ಚಿದವರು ಮಾತಾಡುವುದಿಲ್ಲ, ಅದರಲ್ಲಿ ಅವನಿಗೆ ವಿಶೇಷ ಕಾಣಲಿಲ್ಲ. ಬಾಗಿಲುಗಳೆಲ್ಲ ಒಂದೇ ಗೆರೆಗೆ ಬಂದು ನಿಂತವು.

ಮಾರನೇ ದಿನಕ್ಕೆ ಇನ್ನೂ ಸ್ವಲ್ಪ ಕೆಲಸ ಉಳಿದಿತ್ತು. ಬೆಳಿಗ್ಗೆ ಅವಳು ಒಂದೇ ಡಬ್ಬಿ ಕಟ್ಟಿಟ್ಟು, “ಮಂಡಿ ನೋವು. ನೀವು ಹೋಗಿ ಬನ್ನಿ” ಅಂದಳು. ಮೆಟ್ಟಿಲು ಹತ್ತಿದ್ದು ಹೆಚ್ಚಾಯಿತು, ಪಾಪ ಅಂತ ಅವನು ಒತ್ತಾಯ ಮಾಡಲಿಲ್ಲ. ಮಂಡಿ ಸರಿಹೋಗಲಿ, ಆಮೇಲೆ ಕೇಳೋಣ. ಈ ವಾರ ಬೇಡ, ಮುಂದಿನ ವಾರ. ಬಿಸಿಲು ಕಡಿಮೆಯಾಗಲಿ. ಲಿಫ್ಟು ಇರುವ ಕಟ್ಟಡದಲ್ಲಿ ಕೆಲಸ ಸಿಗಲಿ. ಹೀಗೆ ಒಂದೊಂದು ನೆಪ. ಅವಳು ಮೊದಲಿಗಿಂತ ಮೆತ್ತಗಾದಳು, ಬೇಗ ಮಲಗುವಳು, ಕರೆದರೆ ಬರುವಳು, ಕೇಳಿದರೆ ಹೇಳುವಳು. ಜಗಳವೇ ಇಲ್ಲದ ಮನೆಯಾಯಿತು. ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋದಮೇಲೆ ಎದೆ ಹಿಡಿದುಕೊಂಡು ಪಕ್ಕದ ಮನೆಯವರ ಬಾಗಿಲು ತಟ್ಟಿದಳಂತೆ. ಅವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವನು ಓಡಿ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಬಂದವರು ಬಂದರು, ಹೋದವರು ಹೋದರು. ಎಲ್ಲರೂ ಏನೇನೋ ಹೇಳಿದರು, ಅವನು ಹೂಂ ಅಂದ. ಅವರೆಲ್ಲ ಹೋದಮೇಲೆ ಒಂದು ಮಧ್ಯಾಹ್ನ ಹೆಂಡತಿಯ ತಂಗಿ ಬಂದಳು, ಅಕ್ಕನ ಬಟ್ಟೆಬರೆ ಮಡಿಸಿಡಲು. ಅವಳು ಮೊದಲಿನಿಂದಲೂ ಭಾವ ಭಾವ ಅಂತ ತಲೆಹರಟೆ ಮಾಡುತ್ತಿದ್ದವಳು. ಈಗ ಮುಖ ಕೊಟ್ಟು ಮಾತಾಡಲಿಲ್ಲ. ಸೀರೆಗಳನ್ನು ಮಂಚದ ಮೇಲೆ ಹರಡಿ ಮಡಿಸಿದಳು, ಪೆಟ್ಟಿಗೆಗೆ ತುಂಬಿದಳು, ಪೆಟ್ಟಿಗೆಯ ಮುಚ್ಚಳವನ್ನು ಬೇಕೆಂದೇ ಜೋರಾಗಿ ಹಾಕಿದಳು. ಅವನು ಅವಳ ಎದುರಿಗೆ ಬಂದು ಕೂತ.

“ನನ್ನ ಮೇಲೆ ಏನೋ ಕೋಪ ಇದೆ ನಿನಗೆ” ಅಂದ.

“ಈಗ ಅದನ್ನೆಲ್ಲ ಕಟ್ಕೊಂಡು ಏನಾಗಬೇಕು ಬಿಡಿ ಭಾವ.”

“ಹೇಳಮ್ಮ.”

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು, ಮಾತನ್ನು ಒಂದೊಂದಾಗಿ ತೆಗೆದು ಮುಂದಿಟ್ಟ ಹಾಗೆ ಹೇಳಿದಳು. ಮನೆ ನಿಶ್ಶಬ್ದವಾಗಿತ್ತು. ಅವನಿಗೆ ಒಂದಕ್ಷರವೂ ತಪ್ಪಲಿಲ್ಲ. “ಆ ಅಡುಗೆಮನೆ ಕೆಲಸಕ್ಕೆ ಕರ್ಕೊಂಡು ಹೋಗಿದ್ರಲ್ಲ, ಅವತ್ತು ಊಟಕ್ಕೆ ಕೂತಾಗ ಕೇಳಿದ್ಲಂತೆ ನಿಮ್ಮನ್ನ. ‘ನನ್ನ ಕಟ್ಕೊಂಡು ಕೆಲಸ ಮಾಡೋದು ನಿಮಗೆ ಭಾರ ಆಗುತ್ತಾ?’ ಅಂತ. ನೀವು ಹೂಂ ಅಂದ್ರಂತೆ. ನಗ್ತಾ ಅಂದ್ರಂತೆ ಭಾವ. ‘ಕೋಪದಲ್ಲಿ ಅಂದಿದ್ರೆ ತಡ್ಕೊಳ್ತಿದ್ದೆ ಕಣೆ, ನಗ್ತಾ ಅಂದ್ರು’ ಅಂತ ನನ್ನ ಹತ್ರ ಅತ್ತಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.”

ಅವನ ಕೈ ಮಂಚದ ಮೇಲಿದ್ದ ಒಂದು ಸೀರೆಯ ಮೇಲೆ ಬಿತ್ತು, ಅದನ್ನೇ ಹಿಡಿದುಕೊಂಡ. ಟೈಲ್ಸ್ ಕೊಯ್ಯುವ ಯಂತ್ರದ ಸದ್ದು ನೆನಪಿಗೆ ಬಂತು, ಹೆಂಡತಿಯ ಕೈಯಲ್ಲಿ ತಿರುಗುತ್ತಿದ್ದ ಮುಚ್ಚಳ ಬಂತು, ಎರಡು ಸಲ ಎತ್ತಿ ನೋಡಿದ ಕಣ್ಣು ಬಂತು. ಆ ಪ್ರಶ್ನೆ ಕೇಳಲು ಅವಳು ಎಷ್ಟು ವರ್ಷ ಕಾದಿದ್ದಳೋ. ಕೇಳಿ ಪಡೆಯದವಳು ಅದೊಂದು ಸಲ ಕೇಳಿದ್ದಳು.

“ನನಗೆ ಕೇಳಿಸ್ಲಿಲ್ಲಮ್ಮ” ಅಂದ.

“ಈಗಲೂ ಜಾಣಕಿವುಡಾ?”

“ಜಾಣ ಅಲ್ಲ. ನಿಜವಾಗ್ಲೂ ಕಿವುಡು. ಎಷ್ಟೋ ವರ್ಷ ಆಯ್ತು. ಊಟ ಹಾಕಲಾ ಅಂತ ಕೇಳ್ತಿದ್ದಾಳೆ ಅಂದ್ಕೊಂಡೆ.”

ನಾದಿನಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. “ಅಕ್ಕನಿಗೆ ಗೊತ್ತಿತ್ತಾ?”

“ಇಲ್ಲ. ನಾನು ಹೇಳಿರ್ಲಿಲ್ಲ. ದಿನಾ ಬಾ ಅನ್ನಬೇಕು ಅಂತಿದ್ದೆ ಅವತ್ತು. ಅದನ್ನೂ ಹೇಳ್ಲಿಲ್ಲ.”

ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು. ಅಂಗೈಗಳ ಒಳಗಿನಿಂದಲೇ ಏನೋ ಅಂದಳು. ಅವನಿಗೆ ಗುಂಯ್ ಅಂತಷ್ಟೇ ಬಂತು. ನಗು ತಂದುಕೊಂಡು ಹೂಂ ಅನ್ನಲು ಬಾಯಿ ತೆರೆದವನು ಅಲ್ಲೇ ನಿಂತ. ಕಿವಿ ಹೋದಾಗಿನಿಂದ ಯಾರ ಮುಂದೆಯೂ ಆಡದ ಮಾತನ್ನು ಆಡಿದ.

“ಏನಂದೆ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.”

ಅವಳು ಕೈ ತೆಗೆದಳು. ಕಣ್ಣು ಒರೆಸಿಕೊಳ್ಳದೆ, ಅವನ ಮುಖಕ್ಕೆ ಮುಖ ಕೊಟ್ಟು, ಗಟ್ಟಿಯಾಗಿ ಹೇಳಿದಳು. “ಅವತ್ತೂ ಇಷ್ಟೇ ಅಂದಿದ್ರೆ ಸಾಕಿತ್ತು ಭಾವ. ಅವಳು ಇನ್ನೊಂದ್ಸಲ ಕೇಳ್ತಿದ್ಲು.”

ಅದು ಅವನಿಗೆ ಪೂರ್ತಿ ಕೇಳಿಸಿತು.